ಮಲೆನಾಡಿನಲ್ಲಿ ಮೌಂಟನ್ ಬೈಕ್ ಹಾದಿ: ಕಟ್ಟಲು ಮತ್ತು ಕಾಪಾಡಲು ಹೊರಟ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಮೌಂಟನ್ ಬೈಕಿನ, ಅಂದರೆ ಗುಡ್ಡ ಹತ್ತಿಳಿಯುವ ಸೈಕಲ್ಲಿನ, ಹಾದಿ ಎಂದರೆ ಗುಡ್ಡದ ಮೈಯಲ್ಲಿ ಎರಡರಿಂದ ಮೂರು ಅಡಿ ಅಗಲಕ್ಕೆ ಕಡಿದ, ಒಬ್ಬರ ಹಿಂದೊಬ್ಬರು ಸಾಗುವಷ್ಟೇ ಜಾಗವಿರುವ ಮಣ್ಣಿನ ದಾರಿ. ಬೇಸಿಗೆಯಲ್ಲಿ ನೋಡಿದವರಿಗೆ ಇದರಲ್ಲಿ ಕಲಿಯುವಂಥದ್ದು ಏನಿದೆ ಎನ್ನಿಸಬಹುದು. ಅದೇ ಹಾದಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ ಅಥವಾ ಸಕಲೇಶಪುರದ ಮಳೆಯನ್ನು ತಾಳಿಕೊಳ್ಳಬೇಕು. ತಾಳದಿದ್ದರೆ ಅಕ್ಟೋಬರ್ ಹೊತ್ತಿಗೆ ಅಲ್ಲಿ ಉಳಿಯುವುದು ಕೊರಕಲು ಮಾತ್ರ, ಮತ್ತು ಆ ಕೊರಕಲಿನಿಂದ ಕೊಚ್ಚಿಹೋದ ಮಣ್ಣು ಕೆಳಗಿನವರ ಗದ್ದೆಯಲ್ಲೋ ಕೆರೆಯಲ್ಲೋ ಕೂತಿರುತ್ತದೆ. ಆದ್ದರಿಂದ ಹಾದಿಯ ಕೆಲಸ ಮೊಟ್ಟಮೊದಲಿಗೆ ನೀರಿನ ಕೆಲಸ. ನೀರು ಹಾದಿಯ ಉದ್ದಕ್ಕೆ ಹರಿಯದೆ ಅದನ್ನು ಅಡ್ಡ ದಾಟಿ ಹೋಗುವಂತೆ ಮಾಡಲು ಕಲಿತವರು ಹಾದಿ ಕಟ್ಟಬಲ್ಲರು. ಮಿಕ್ಕಿದ್ದನ್ನು ಕೆಲಸ ಮಾಡುತ್ತಲೇ ಕಲಿಯಬಹುದು. ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಮಲೆನಾಡು ಭಾಗದಲ್ಲಿ ಈ ಸೇವೆಗೆ ಇಳಿಯಬೇಕೆನ್ನುವವರಿಗಾಗಿ, ಮೊದಲ ಮಾತುಕತೆಯಿಂದ ವರ್ಷದ ನಿರ್ವಹಣೆಯವರೆಗೆ ಕ್ರಮವಾಗಿ ಇಲ್ಲಿ ಬರೆದಿದ್ದೇನೆ.

ಹಾರೆ ಎತ್ತುವ ಮುನ್ನ ಜಾಗ ಯಾರದೆಂದು ತಿಳಿಯಿರಿ

ನಮ್ಮ ಕಡೆಯ ಗುಡ್ಡಗಳಲ್ಲಿ ಒಂದೇ ಇಳಿಜಾರಿನ ಮೇಲೆ ಕಾಫಿ ತೋಟ, ಗೋಮಾಳ, ಮೀಸಲು ಅರಣ್ಯ ಮತ್ತು ದೇವರ ಬನ ಒಂದಕ್ಕೊಂದು ತಾಗಿಕೊಂಡಿರುತ್ತವೆ. ಬೇಲಿ ನೋಡಿ ಗಡಿಯನ್ನು ಊಹಿಸಬಾರದು, ಏಕೆಂದರೆ ಬೇಲಿ ಇರುವುದು ಅನುಭವದಲ್ಲಿರುವ ಜಾಗಕ್ಕೆ, ದಾಖಲೆಯಲ್ಲಿರುವ ಜಾಗಕ್ಕಲ್ಲ. ಹಾದಿ ಹೋಗಬೇಕೆಂದಿರುವ ಪ್ರತಿಯೊಂದು ಸರ್ವೆ ನಂಬರಿನ ಪಹಣಿಯನ್ನೂ ಆ ಊರಿನ ಗ್ರಾಮ ನಕಾಶೆಯನ್ನೂ ತೆಗೆದುಕೊಂಡು ಒಟ್ಟಿಗೆ ಇಟ್ಟು ನೋಡಿ. ನಕಾಶೆ ಕಂಡ ದಾರಿ, ಅಂದರೆ ಗ್ರಾಮ ನಕಾಶೆಯಲ್ಲೇ ಗುರುತಾಗಿರುವ ದಾರಿ, ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ. ಹೊಸದಾಗಿ ಕಡಿಯುವುದಕ್ಕಿಂತ ಬಿದ್ದುಹೋದ ಹಳೆಯ ಕಾಲುದಾರಿಯನ್ನೋ ಗಾಡಿದಾರಿಯನ್ನೋ ಸರಿಪಡಿಸುವುದೇ ಹೆಚ್ಚಿನ ಸಲ ಒಳ್ಳೆಯದು.

ಅರಣ್ಯದ ವಿಷಯದಲ್ಲಿ ಸಂದೇಹಕ್ಕೆ ಎಡೆ ಇರಬಾರದು. 1998ರಲ್ಲಿ ಹುಲಿ ಮೀಸಲು ಪ್ರದೇಶವಾದ ಭದ್ರಾ ಅಭಯಾರಣ್ಯಕ್ಕೂ ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅಲ್ಲಿ ಒಳಹೋಗುವುದಕ್ಕೇ ಅನುಮತಿ ಬೇಕಿರುವಾಗ ಹಾದಿ ಕಡಿಯುವ ಯೋಚನೆಯನ್ನೇ ಬಿಡಬೇಕು. ಮೀಸಲು ಅರಣ್ಯಗಳಿಗೆ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಇವೆ. ಅಲ್ಲಿ ಸ್ವಯಂಸೇವಕರು ಮಾಡಬಹುದಾದದ್ದು, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಲಿಖಿತ ಮನವಿ ಕೊಟ್ಟು, ಇಲಾಖೆ ಒಪ್ಪಿದರೆ ಅದರ ಸಿಬ್ಬಂದಿಯ ಎದುರಿನಲ್ಲೇ ಈಗಾಗಲೇ ಇರುವ ದಾರಿಯ ನೀರಿಳಿಕೆಯನ್ನು ಸರಿಪಡಿಸುವುದು. ಬಾಯಿಮಾತಿನ ಒಪ್ಪಿಗೆ ಸಾಲದು. ಒಪ್ಪಿಗೆ ಕೊಟ್ಟವರು ವರ್ಗವಾಗಿ ಹೋದ ದಿನ ಆ ಮಾತೂ ಅವರೊಡನೆ ಹೋಗುತ್ತದೆ.

ಮುಳ್ಳಯ್ಯನಗಿರಿ ಮತ್ತು ಬಾಬಾಬುಡನ್‌ಗಿರಿ ಸಾಲಿನ ಹುಲ್ಲುಗಾವಲುಗಳ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಸುಮಾರು 1,930 ಮೀಟರ್ ಎತ್ತರದವರೆಗೆ ಏರುವ ಆ ಬೋಳು ಬೆನ್ನುಗಳು ಸೈಕಲ್ ಸವಾರರ ಕಣ್ಣಿಗೆ ತೆರೆದ ಮೈದಾನದಂತೆ ಕಾಣುತ್ತವೆ. ಆದರೆ ಅಲ್ಲಿನ ಮಣ್ಣಿನ ಪದರ ತೆಳುವಾದದ್ದು, ಅದನ್ನು ಹಿಡಿದಿಟ್ಟಿರುವುದು ಹುಲ್ಲಿನ ಬೇರು ಮಾತ್ರ. ಒಮ್ಮೆ ಹುಲ್ಲು ಕಿತ್ತುಹೋದ ಗೆರೆಯಲ್ಲಿ ಮಳೆನೀರು ಸೇರಿ ಮುಂದಿನ ವರ್ಷ ಅದು ಚರಂಡಿಯಾಗುತ್ತದೆ, ಸವಾರರು ಅದನ್ನು ತಪ್ಪಿಸಿ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆ ಎತ್ತರದಲ್ಲಿ ಹೊಸ ಹಾದಿ ಬೇಡವೇ ಬೇಡ.

ಹಾಗಾದರೆ ಉಳಿಯುವುದು ಖಾಸಗಿ ತೋಟಗಳು, ಮತ್ತು ಅವೇ ಅತ್ಯುತ್ತಮ ಜಾಗಗಳು. ತೋಟದ ಮಾಲೀಕರನ್ನು ಕಾಣುವುದರ ಜೊತೆಗೆ ತೋಟದ ಲೆಕ್ಕ ನೋಡುವ ರೈಟರನ್ನೂ ಆಳುಗಳ ಕೆಲಸ ನೋಡುವ ಮೇಸ್ತ್ರಿಯನ್ನೂ ಕಂಡು ಮಾತನಾಡಿ. ದಿನವೂ ತೋಟ ಸುತ್ತುವವರು ಅವರು, ಎಲ್ಲಿ ಜಲ ಒಡೆಯುತ್ತದೆ (ನೆಲದಿಂದ ನೀರು ಉಕ್ಕುತ್ತದೆ), ಎಲ್ಲಿ ಧರೆ (ಕಡಿದಾದ ಮಣ್ಣಿನ ದಂಡೆ) ಜಾರಿದೆ, ಆನೆ ಯಾವ ಕಡೆಯಿಂದ ಇಳಿಯುತ್ತದೆ ಎನ್ನುವುದು ಗೊತ್ತಿರುವುದು ಅವರಿಗೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ, ರೊಬಸ್ಟಾ ಕೊಯ್ಲು ಅದರ ಹಿಂದೆಯೇ ಮಾರ್ಚ್‌ವರೆಗೆ ನಡೆಯುತ್ತದೆ. ಆ ತಿಂಗಳುಗಳಲ್ಲಿ ಹಣ್ಣು ತುಂಬಿದ ತೋಟದೊಳಗೆ ಅಪರಿಚಿತರು ಓಡಾಡುವುದು ಯಾವ ಬೆಳೆಗಾರರಿಗೂ ಹಿಡಿಸುವುದಿಲ್ಲ, ಹಿಡಿಸಬೇಕಾಗಿಯೂ ಇಲ್ಲ. ಆದ್ದರಿಂದ ಮೊದಲ ಭೇಟಿಯಲ್ಲೇ "ಕೊಯ್ಲಿನ ಕಾಲದಲ್ಲಿ ನಿಮ್ಮ ಒಪ್ಪಿಗೆ ಇಲ್ಲದೆ ಗೇಟು ದಾಟುವುದಿಲ್ಲ" ಎಂದು ನೀವಾಗಿಯೇ ಹೇಳಿ. ಯಾವ ಸರ್ವೆ ನಂಬರು, ಯಾವ ತಿಂಗಳುಗಳು, ರಿಪೇರಿ ಯಾರ ಹೊಣೆ, ಯಾರಾದರೂ ಬಿದ್ದು ಗಾಯಗೊಂಡರೆ ಹೊಣೆ ಯಾರದು, ಮಾಲೀಕರಿಗೆ ಬೇಡವೆನಿಸಿದರೆ ಹಾದಿಯನ್ನು ಹೇಗೆ ಮುಚ್ಚಿಕೊಡುತ್ತೀರಿ ಎಂಬಿಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ಇಬ್ಬರೂ ಸಹಿ ಮಾಡಿಟ್ಟುಕೊಳ್ಳಿ. ಚೌಡಿ ಬನ, ವೀರಗಲ್ಲು, ಹಳೆಯ ಸಮಾಧಿಗಳಿದ್ದರೆ ಊರವರನ್ನು ಕೇಳಿ, ಅವುಗಳಿಂದ ದೂರ ಸುತ್ತಿಕೊಂಡು ಹೋಗಿ.

ಮಳೆಯಲ್ಲಿ ಒಮ್ಮೆ ನಡೆದು ನೋಡಿ

ಹಾದಿಯ ಜಾಡನ್ನು ಗೊತ್ತುಮಾಡುವ ಮೊದಲ ಓಡಾಟ ಜುಲೈ ತಿಂಗಳಲ್ಲಿ, ಮಳೆ ಹೊಯ್ಯುತ್ತಿರುವಾಗಲೇ ಆಗಬೇಕು. ಡಿಸೆಂಬರ್‌ನಲ್ಲಿ ಒಣಗಿ ನಿಂತ ಗುಡ್ಡ ತನ್ನ ನೀರಿನ ದಾರಿಗಳನ್ನು ತೋರಿಸುವುದಿಲ್ಲ. ಗಂಬೂಟು ಹಾಕಿಕೊಂಡು, ಇಂಬಳಕ್ಕೆ (ಜಿಗಣೆಗೆ) ಉಪ್ಪೋ ಸುಣ್ಣವೋ ಹೊಗೆಸೊಪ್ಪೋ ಇಟ್ಟುಕೊಂಡು, ಇರುವ ಹಳೆಯ ದಾರಿಯಲ್ಲಿ ನಿಧಾನವಾಗಿ ನಡೆಯಿರಿ. ಒಂದು ಕಡೆ ನಿಂತು ಕಾಲಡಿಯ ನೀರನ್ನು ಗಮನಿಸಿ. ದಾರಿಯ ನಡುವೆ ಬೆರಳಗಲದ ತೊರೆ ಹುಟ್ಟಿ, ನಾಲ್ಕು ಮಾರು ಹೋಗುವಷ್ಟರಲ್ಲಿ ಅಂಗೈ ಅಗಲವಾಗಿ, ತಿರುವಿನ ಬಳಿ ಕೆಂಪಗೆ ಕದಡಿ ಸದ್ದು ಮಾಡತೊಡಗುತ್ತದೆ. ಸಣ್ಣ ಮಣ್ಣೆಲ್ಲ ತೊಳೆದುಹೋಗಿ ಹರಳು ಮಾತ್ರ ಉಳಿದಿರುತ್ತದೆ. ನೀರು ಎಲ್ಲಿ ಹಾದಿಗೆ ಇಳಿಯಿತು, ಎಲ್ಲಿ ಕೆಂಪಾಯಿತು, ಎಲ್ಲಿ ಬಿಟ್ಟುಹೋಯಿತು ಎಂಬ ಮೂರು ಜಾಗಗಳನ್ನೂ ಗುರುತಿಸಿ ಬರೆದುಕೊಳ್ಳಿ. ಮುಂದೆ ನೀವು ಮಾಡುವ ಕೆಲಸವೆಲ್ಲ ಮೊದಲನೆಯ ಮತ್ತು ಎರಡನೆಯ ಗುರುತಿನ ನಡುವೆ ನಡೆಯುತ್ತದೆ.

ಹಡ್ಲು (ನೀರು ನಿಲ್ಲುವ ತಗ್ಗು ಜಾಗ), ಜೌಗು, ಜಲ ಒಡೆಯುವ ಬರೆ, ಹಳ್ಳದ ದಂಡೆ ಇವೆಲ್ಲವನ್ನೂ ಜಾಡಿನಿಂದ ಹೊರಗಿಡಿ. ತೋಟದೊಳಗೆ ಕಾಫಿ ಸಾಲುಗಳ ನಡುವೆಯೂ ಹಾದಿ ಬೇಡ, ಏಕೆಂದರೆ ಕಾಫಿಯ ಉಣ್ಣುವ ಬೇರುಗಳೂ ಮೆಣಸಿನ ಬಳ್ಳಿಯ ಬೇರುಗಳೂ ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ತೋಟದ ಅಂಚು, ಬೀಳುಬಿಟ್ಟ ಜಾಗ, ಸಿಲ್ವರ್ ಓಕ್ ಬೆಳೆದು ನಿಂತ ಗುಡ್ಡದ ಮೈ, ಇವು ಸೂಕ್ತ. ಕಡೂರು ಅಥವಾ ಅರಸೀಕೆರೆಯ ಒಣ ಗುಡ್ಡಗಳಲ್ಲಿ ಮಳೆ ಕಡಿಮೆಯೆಂದು ಇದನ್ನೆಲ್ಲ ಬಿಟ್ಟುಬಿಡುವಂತಿಲ್ಲ. ಅಲ್ಲಿ ಮಳೆ ವಿರಳವಾದರೂ ಬಂದಾಗ ಒಮ್ಮೆಲೇ ಸುರಿಯುತ್ತದೆ, ಗೊಚ್ಚುಮಣ್ಣನ್ನು ಹಿಡಿಯಲು ಹುಲ್ಲೂ ಇರುವುದಿಲ್ಲ.

ಇಳಿಜಾರಿನ ಲೆಕ್ಕ

ಅಮೆರಿಕದಲ್ಲಿ 1988ರಲ್ಲಿ ಆರಂಭವಾದ ಇಂಟರ್‌ನ್ಯಾಷನಲ್ ಮೌಂಟನ್ ಬೈಸಿಕ್ಲಿಂಗ್ ಅಸೋಸಿಯೇಷನ್ ಹಾದಿ ಕಟ್ಟುವವರಿಗೆಂದು ಕೆಲವು ಸರಳ ಸೂತ್ರಗಳನ್ನು ರೂಪಿಸಿತು. ಅವುಗಳಲ್ಲಿ ಮುಖ್ಯವಾದದ್ದು ಅರ್ಧದ ಸೂತ್ರ: ಹಾದಿಯ ಏರು, ಅದು ಹಾದುಹೋಗುವ ಗುಡ್ಡದ ಇಳಿಜಾರಿನ ಅರ್ಧವನ್ನು ಮೀರಬಾರದು. ಗುಡ್ಡದ ಇಳಿಜಾರು ಶೇ 30 ಇದ್ದರೆ ಹಾದಿಯ ಏರು ಶೇ 15ರೊಳಗಿರಬೇಕು. ಅರ್ಧವನ್ನು ಮೀರಿದರೆ ನೀರಿಗೆ ಹಾದಿಯನ್ನು ಅಡ್ಡ ದಾಟುವುದಕ್ಕಿಂತ ಹಾದಿಗುಂಟ ಓಡುವುದೇ ಸುಲಭವಾಗುತ್ತದೆ. ಇದರಲ್ಲಿ ಹೊಸಬರು ಎಡವುವುದು ಕಡಿದಾದ ಜಾಗದಲ್ಲಲ್ಲ, ಮೆಲ್ಲನೆಯ ಇಳಿಜಾರಿನಲ್ಲಿ. ಗುಡ್ಡ ಶೇ 12ರಷ್ಟು ಮಾತ್ರ ಇಳಿದಿರುವಲ್ಲಿ ಹಾದಿ ಶೇ 6ನ್ನು ದಾಟುವಂತಿಲ್ಲ. ಕಣ್ಣಿಗೆ ಸಮತಟ್ಟಾಗಿ ಕಾಣುವ ಅಂಥ ಜಾಗದಲ್ಲಿ ನೇರವಾಗಿ ಇಳಿಸಿಬಿಟ್ಟ ಹಾದಿಯೇ ಎಲ್ಲಕ್ಕಿಂತ ಬೇಗ ಕೊರಕಲಾಗುತ್ತದೆ.

ಎರಡನೆಯ ಸೂತ್ರದಂತೆ ಇಡೀ ಹಾದಿಯ ಸರಾಸರಿ ಏರು ಶೇ 10ನ್ನು ಮೀರಬಾರದು, ಅಂದರೆ ಹತ್ತು ಮೀಟರ್ ಸಾಗಿದರೆ ಒಂದು ಮೀಟರಿಗಿಂತ ಹೆಚ್ಚು ಏರಬಾರದು. ಪಶ್ಚಿಮಘಟ್ಟದ ಮಳೆಗೆ ಅದೂ ಹೆಚ್ಚೆಂದೇ ನನ್ನ ಎಣಿಕೆ. ಶೇ 7 ಅಥವಾ 8ಕ್ಕೆ ನಿಲ್ಲಿಸಿದರೆ ಹಾದಿ ಬಾಳಿಕೆ ಬರುತ್ತದೆ, ಏರುವವರಿಗೂ ಉಸಿರು ಹಿಡಿಯುವುದಿಲ್ಲ.

ಇದನ್ನು ಅಳೆಯಲು ದುಬಾರಿ ಉಪಕರಣ ಬೇಕಿಲ್ಲ. ಗುಡ್ಡದ ಇಳಿಜಾರನ್ನು ತಿಳಿಯಲು ಒಂದು ಮೀಟರ್ ಉದ್ದದ ನೇರ ಕೋಲಿನ ಒಂದು ತುದಿಯನ್ನು ನೆಲಕ್ಕೆ ತಾಗಿಸಿ, ಇನ್ನೊಂದು ತುದಿಯನ್ನು ಇಳಿಜಾರಿನ ಕಡೆಗೆ ಮಟ್ಟವಾಗಿ ಹಿಡಿದು, ಅಲ್ಲಿಂದ ನೆಲಕ್ಕೆ ಎಷ್ಟು ಅಂತರವಿದೆ ಎಂದು ಅಳೆಯಿರಿ. 30 ಸೆಂಟಿಮೀಟರ್ ಇದ್ದರೆ ಇಳಿಜಾರು ಶೇ 30. ಹಾದಿಯ ಏರನ್ನು ಗೊತ್ತುಮಾಡಲು, ಜಲಾನಯನ ಕೆಲಸಗಳಲ್ಲಿ ಸಮಪಾತಳಿ (ಒಂದೇ ಮಟ್ಟದ) ಗೆರೆ ಹಾಕಲು ಬಳಸುವ ಎ-ಫ್ರೇಮ್ ಸಾಕು. ಏಳು ಅಡಿಯ ಎರಡು ಬಿದಿರು ಗಳುಗಳನ್ನು ತುದಿಯಲ್ಲಿ ಬಿಗಿದು, ಕಾಲುಗಳ ನಡುವೆ ಸರಿಯಾಗಿ ಎರಡು ಮೀಟರ್ ಬರುವಂತೆ ಅಗಲಿಸಿ, ನಡುವೆ ಅಡ್ಡಪಟ್ಟಿ ಕಟ್ಟಿ, ತುದಿಯಿಂದ ದಾರದಲ್ಲಿ ಒಂದು ಕಲ್ಲನ್ನು ಇಳಿಬಿಡಿ. ದಾರ ಅಡ್ಡಪಟ್ಟಿಯನ್ನು ಹಾಯುವಲ್ಲಿ ಗುರುತು ಮಾಡಿ, ಅದೇ ಹೆಜ್ಜೆಗಳ ಮೇಲೆ ಕಾಲುಗಳನ್ನು ಅದಲು ಬದಲು ಮಾಡಿ ನಿಲ್ಲಿಸಿ ಇನ್ನೊಂದು ಗುರುತು ಮಾಡಿ. ಎರಡರ ನಟ್ಟನಡುವಿನ ಬಿಂದುವೇ ಸೊನ್ನೆ. ದಾರ ಸೊನ್ನೆಗೆ ನಿಲ್ಲುವಂತೆ ಫ್ರೇಮನ್ನು ಇಟ್ಟು, ಒಂದು ಕಾಲಿನ ಕೆಳಗೆ 10 ಸೆಂಟಿಮೀಟರ್ ದಪ್ಪದ ಮರದ ತುಂಡನ್ನು ಕೊಟ್ಟಾಗ ದಾರ ಸರಿದು ನಿಲ್ಲುವ ಜಾಗ ಶೇ 5ರ ಏರು; 16 ಸೆಂಟಿಮೀಟರ್ ಕೊಟ್ಟರೆ ಶೇ 8. ಇಷ್ಟು ಗುರುತುಗಳಿದ್ದರೆ ಗುಡ್ಡದ ಮೇಲೆ ಕಾಲು ಬದಲಿಸುತ್ತ ಫ್ರೇಮನ್ನು ನಡೆಸಿಕೊಂಡು ಹೋಗಿ, ಎರಡೆರಡು ಮೀಟರಿಗೆ ಒಂದು ಗೂಟ ಹೊಡೆಯಬಹುದು. ಸಂದೇಹ ಬಂದ ಕಡೆ ಗಾರೆ ಕೆಲಸದವರ ನೀರಿನ ಪೈಪಿನಿಂದ ಮಟ್ಟ ನೋಡಿಕೊಳ್ಳಿ.

ಗೂಟ ಹೊಡೆಯುವಾಗಲೇ ಇನ್ನೊಂದು ವಿಷಯವನ್ನು ಸೇರಿಸಬೇಕು. ಏರುತ್ತಿರುವ ಹಾದಿ ಒಂದೇ ಸಮನೆ ಏರಬಾರದು. ಸುಮಾರು ಹತ್ತರಿಂದ ಹದಿನೈದು ಮೀಟರಿಗೊಮ್ಮೆ ನಾಲ್ಕಾರು ಹೆಜ್ಜೆಯಷ್ಟು ಕೆಳಗಿಳಿದು ಮತ್ತೆ ಏರಬೇಕು. ಈ ತಗ್ಗನ್ನು ಇಲ್ಲಿ ಅಲೆತಗ್ಗು ಎನ್ನುತ್ತೇನೆ. ಮೇಲಿನಿಂದ ಬಂದ ನೀರು ಅಲೆತಗ್ಗನ್ನು ದಾಟಿ ಮುಂದೆ ಏರಲಾರದು, ಅಲ್ಲೇ ಹೊರಬೀಳುತ್ತದೆ. ಹೀಗೆ ಉದ್ದನೆಯ ಹಾದಿ ಹಲವು ಸಣ್ಣ ತುಂಡುಗಳಾಗಿ, ಪ್ರತಿ ತುಂಡೂ ತನ್ನ ಪಾಲಿನ ನೀರನ್ನು ತಾನೇ ಇಳಿಸಿಕೊಳ್ಳುತ್ತದೆ. ಸವಾರನಿಗೆ ಇದೇ ಅಲೆಯಂತೆ ತೂಗುವ ಸುಖವನ್ನೂ ಕೊಡುತ್ತದೆ. ಕಟ್ಟಿದ ಮೇಲೆ ಸೇರಿಸುವುದಕ್ಕಿಂತ ಗೂಟದ ಹಂತದಲ್ಲೇ ಕೂಡಿಸಿಕೊಂಡರೆ ಶ್ರಮ ಬಹಳ ಉಳಿಯುತ್ತದೆ.

ತಂಡ, ಉಪಕರಣ, ಕಾಲ

ಕಡಿಯುವ ಕೆಲಸಕ್ಕೆ ಒಳ್ಳೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ. ಮಣ್ಣಿನಲ್ಲಿ ಹಸಿ ಇರುವುದರಿಂದ ಗುದ್ದಲಿ ಸಲೀಸಾಗಿ ಇಳಿಯುತ್ತದೆ, ಬಡಿದರೆ ಮಣ್ಣು ಕೂಡಿಕೊಳ್ಳುತ್ತದೆ. ಜನವರಿ ಹೊತ್ತಿಗೆ ನೆಲ ಕಲ್ಲಾಗಿರುತ್ತದೆ, ಕಡಿದ ಮಣ್ಣು ಪುಡಿಯಾಗಿ ಕೂರುವುದೇ ಇಲ್ಲ.

ಪಿಕಾಸಿ, ಗುದ್ದಲಿ, ಸಲಿಕೆ, ಹಾರೆ, ಕತ್ತಿ, ಕೈಗರಗಸ, ಮಂಕರಿ ಅಥವಾ ಬಾಂಡ್ಲಿ, ಮಣ್ಣು ಬಡಿಯುವ ದಿಮ್ಮಸು, ಇಷ್ಟಿದ್ದರೆ ಸಾಕು; ಇವೆಲ್ಲ ಯಾವ ಸಂತೆಯಲ್ಲೂ ಸಿಗುತ್ತವೆ. ಐದಾರು ಜನರಿಗೆ ಒಬ್ಬರಂತೆ ಅನುಭವಿಗಳಿರಬೇಕು. ಕೆಲಸ ಮಾಡುವವರ ನಡುವೆ ಹತ್ತು ಅಡಿ ಅಂತರವಿರಬೇಕು, ಗುಡ್ಡದಲ್ಲಿ ನಡೆಯುವಾಗ ಉಪಕರಣವನ್ನು ಹೆಗಲಿಗೇರಿಸದೆ ಇಳಿಜಾರಿನ ಕಡೆಯ ಕೈಯಲ್ಲಿ ತಗ್ಗಿಸಿ ಹಿಡಿಯಬೇಕು. ಜಾರಿದರೆ ಅದನ್ನು ಕೆಳಕ್ಕೆ ಬಿಟ್ಟುಬಿಡಬಹುದು.

ತೋಟದಲ್ಲಿ ನೀರಿಂಗಿಸುವ ತೊಟ್ಟಿಲು ಗುಂಡಿ ತೆಗೆದವರು, ಅಡಿಕೆ ತೋಟದಲ್ಲಿ ಉದಿ ಕಪ್ಪು (ನೀರು ಬಸಿಯುವ ಕಾಲುವೆ) ಬಿಡಿಸಿದವರು ಊರಿನಲ್ಲಿದ್ದರೆ ಅವರಲ್ಲಿ ಒಬ್ಬಿಬ್ಬರನ್ನು ಪೂರ್ತಿ ಕೂಲಿ ಕೊಟ್ಟು ಕರೆದುಕೊಳ್ಳಿ. ಮಣ್ಣು ಎಷ್ಟು ಕಡಿದರೆ ನಿಲ್ಲುತ್ತದೆ ಎಂಬುದನ್ನು ಅವರ ಕೈಯೇ ಹೇಳುತ್ತದೆ, ಅದನ್ನು ನೋಡಿ ಕಲಿಯುವುದಕ್ಕೆ ಬೇರೆ ತರಬೇತಿ ಸಾಟಿಯಲ್ಲ. ನಾವು ಸಂಬಳವಿಲ್ಲದೆ ದುಡಿಯುತ್ತೇವೆಂದು ಅವರೂ ಹಾಗೆಯೇ ದುಡಿಯಬೇಕೆಂದು ನಿರೀಕ್ಷಿಸುವುದು ಅನ್ಯಾಯ.

ಮೆಣಸು ಬೆಳೆಯುವ ನಾಡಿನಲ್ಲಿ ಮತ್ತೊಂದು ಎಚ್ಚರ ಬೇಕು. ಮೆಣಸಿನ ಶೀಘ್ರ ಸೊರಗು ರೋಗದ ರೋಗಾಣು ಹಸಿ ಮಣ್ಣಿನಲ್ಲಿ ಬದುಕಿದ್ದು, ಮೆತ್ತಿಕೊಂಡ ಮಣ್ಣಿನೊಡನೆ ಒಂದು ತೋಟದಿಂದ ಇನ್ನೊಂದಕ್ಕೆ ದಾಟಬಲ್ಲದು. ಆದ್ದರಿಂದ ತೋಟ ಬದಲಿಸುವ ಮುನ್ನ ಗುದ್ದಲಿ, ಬೂಟು, ಸೈಕಲ್ಲಿನ ಟೈರು ಎಲ್ಲವನ್ನೂ ಮಣ್ಣು ಬಿಡುವವರೆಗೆ ಉಜ್ಜಿ ತೊಳೆದು ಒಣಗಿಸಿ. ಇದನ್ನು ಮಾಡುವ ತಂಡವನ್ನು ಬೆಳೆಗಾರರು ನಂಬುತ್ತಾರೆ.

ಹಾದಿಯನ್ನು ಕಡಿಯುವ ಕ್ರಮ

ಮೊದಲು ಜಾಡಿನ ಗಿಡಗಂಟಿ ಸವರಿ. ಅಗಲದಲ್ಲಿ ಆರು ಅಡಿ, ಎತ್ತರದಲ್ಲಿ ಎಂಟರಿಂದ ಹತ್ತು ಅಡಿ ತೆರವಾದರೆ ಸಾಕು. ಲಂಟಾನ ಮತ್ತು ಯುಪಟೋರಿಯಂ ಪೊದೆಗಳನ್ನು ಬೇರುಸಹಿತ ಕೀಳಿ. ಕೊಂಬೆ ಕಡಿಯುವುದಾದರೆ ಮಾಲೀಕರು ಒಪ್ಪಿದ್ದನ್ನು ಮಾತ್ರ, ಬುಡದ ಉಬ್ಬಿಗೆ ಸರಿಯಾಗಿ ಗರಗಸದಿಂದ ಕೊಯ್ಯಿರಿ. ಮರ ಕಡಿಯುವ ಮಾತಂತೂ ಬೇಡ, ಹಾದಿಯೇ ಬಳಸಿ ಹೋಗಲಿ. ನೆಲದ ದರಗನ್ನು (ಉದುರಿದ ಒಣ ಎಲೆಯನ್ನು) ಮೇಲಿನ ಬದಿಗೆ ಗುಡಿಸಿ ರಾಶಿ ಹಾಕಿಟ್ಟುಕೊಳ್ಳಿ, ಕೊನೆಯಲ್ಲಿ ಅದು ಬೇಕು.

ನಂತರ ಗೂಟದ ಗೆರೆ ಹಿಡಿದು ಗುಡ್ಡದ ಮೈಯನ್ನು ಒಳಕ್ಕೆ ಕಡಿಯಿರಿ. ಇಲ್ಲಿ ಬಿಡಲಾಗದ ನಿಯಮವೊಂದಿದೆ: ಹಾದಿಯ ಪೂರ್ತಿ ಅಗಲ ಕಡಿದ ಗಟ್ಟಿ ನೆಲದ ಮೇಲೆಯೇ ಇರಬೇಕು. ಅರ್ಧ ಕಡಿದು, ತೆಗೆದ ಮಣ್ಣನ್ನೇ ಹೊರ ಅಂಚಿಗೆ ತುಂಬಿ ಅಗಲ ಮಾಡುವುದು ಬೇಗನೆ ಆಗುವ ಕೆಲಸ, ಆದರೆ ತುಂಬಿದ ಮಣ್ಣು ಮೊದಲ ಮಳೆಗಾಲದಲ್ಲೇ ಕೂತು ಜಾರಿಹೋಗುತ್ತದೆ. ಶೇ 40ರ ಇಳಿಜಾರಿನಲ್ಲಿ 90 ಸೆಂಟಿಮೀಟರ್ ಅಗಲದ ಹಾದಿಗೆ ಒಳಬದಿಯಲ್ಲಿ ಸುಮಾರು ಒಂದು ಅಡಿ ಆಳ ಕಡಿಯಬೇಕಾಗುತ್ತದೆ. ತೆಗೆದ ಮಣ್ಣನ್ನು ಅಂಚಿನಲ್ಲಿ ರಾಶಿ ಹಾಕದೆ, ಬಾಂಡ್ಲಿಯಿಂದ ಕೆಳಗಿನ ಇಳಿಜಾರಿಗೆ ತೆಳುವಾಗಿ ಎರಚಿಬಿಡಿ.

ಒಳಬದಿಯಲ್ಲಿ ಏಳುವ ಧರೆಯನ್ನು ಗೋಡೆಯಂತೆ ನೇರವಾಗಿ ಬಿಡಬಾರದು. 45 ಡಿಗ್ರಿಯಷ್ಟಾದರೂ ಹಿಂದಕ್ಕೆ ಒರಗಿಸಿ, ಮೇಲಿನ ಅಂಚನ್ನು ದುಂಡಗೆ ಸವರಿ. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಸೀಮೆಯ ಮಲೆಮನೆಯಂಥ ಊರುಗಳ ಮೇಲೆ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ನೀರು ಕುಡಿದ ಮಣ್ಣಿನ ಭಾರ ಎಂಥದೆಂದು ವಿವರಿಸಬೇಕಿಲ್ಲ. ಎರಡಡಿಯ ಹಾದಿಯೂ ಇಳಿಜಾರಿನ ಬುಡವನ್ನು ಕೆತ್ತಿದಂತೆಯೇ. ಮೇಲ್ಗಡೆ ನೆಲದಲ್ಲಿ ಬಿರುಕು, ಓರೆಯಾಗಿ ನಿಂತ ಮರಗಳು, ಬೇಸಿಗೆಯಲ್ಲೂ ಒಸರುವ ನೀರು ಕಂಡರೆ ಅಲ್ಲಿ ಕಡಿಯದೆ ಜಾಡನ್ನೇ ಬದಲಿಸಿ.

ಹಾದಿಯ ಮೇಲ್ಮೈ ಹೊರಬದಿಗೆ ಶೇ 5ರಷ್ಟು ವಾಲಿರಬೇಕು. 90 ಸೆಂಟಿಮೀಟರ್ ಅಗಲಕ್ಕೆ ಇದು ನಾಲ್ಕೂವರೆ ಸೆಂಟಿಮೀಟರ್ ಇಳಿಕೆ. ಸವಾರನ ಗಮನಕ್ಕೆ ಬಾರದಷ್ಟು ಕಡಿಮೆ, ನೀರಿಗೆ ಧಾರಾಳವಾಗಿ ಸಾಕು. ದಿಮ್ಮಸಿನಿಂದ ಬಡಿದ ಮೇಲೆ ಒಂದು ಬಾಟಲಿ ನೀರನ್ನು ಒಳ ಅಂಚಿನಲ್ಲಿ ನಿಧಾನವಾಗಿ ಸುರಿಯಿರಿ. ನೀರು ಓರೆಯಾಗಿ ಹಾಯ್ದು ಒಂದೆರಡು ಹೆಜ್ಜೆಯೊಳಗೆ ಹೊರ ಅಂಚು ದಾಟಿದರೆ ಆ ತುಂಡು ಸರಿಯಾಗಿದೆ. ನಡುವೆ ನಿಂತರೆ ಅಥವಾ ಹಾದಿಗುಂಟ ತಿರುಗಿಕೊಂಡರೆ ಅಲ್ಲಿ ಮತ್ತೆ ಕೆರೆದು ಬಡಿಯಬೇಕು. ಪ್ರತಿ ತುಂಡಿಗೂ ಈ ಪರೀಕ್ಷೆ ಮಾಡದೆ ಮುಂದೆ ಹೋಗಬೇಡಿ. ಕೊನೆಗೆ ಎತ್ತಿಟ್ಟ ದರಗನ್ನು ಧರೆಯ ಮೇಲೂ ಎರಚಿದ ಮಣ್ಣಿನ ಮೇಲೂ ಹೊದಿಸಿ, ಹಾದಿಯ ಮೇಲೆ ಬೇಡ.

ಹಳ್ಳ, ತಿರುವು ಮತ್ತು ಹಳೆಯ ದಾರಿಯ ರಿಪೇರಿ

ಹಳ್ಳ ದಾಟುವ ಕಡೆ ಹಾದಿ ಎರಡೂ ದಡಗಳಿಂದ ಹಳ್ಳಕ್ಕೆ ಇಳಿಯುವಂತಿರಬೇಕು. ಒಂದು ದಡದಿಂದ ಇಳಿದು ಮತ್ತೊಂದು ಕಡೆಯೂ ಇಳಿಯುತ್ತಲೇ ಹೋದರೆ, ನೆರೆ ಬಂದ ದಿನ ಹಳ್ಳ ತನ್ನ ಪಾತ್ರ ಬಿಟ್ಟು ಹಾದಿಯನ್ನೇ ಹಿಡಿಯುತ್ತದೆ. ದಾಟುವ ಜಾಗಕ್ಕೆ ಚಪ್ಪಟೆ ಕಲ್ಲು ಹಾಸಿ. ಪ್ರತಿ ಕಲ್ಲಿನ ಮೂರರಲ್ಲಿ ಎರಡು ಪಾಲು ನೆಲದೊಳಗಿರಲಿ, ಸಂದುಗಳಿಗೆ ಸಣ್ಣ ಕಲ್ಲು ಬಡಿದು ಬಿಗಿಮಾಡಿ. ನಿಂತು ಜಿಗಿದರೆ ಅಲುಗುವ ಕಲ್ಲನ್ನು ಕಿತ್ತು ಮತ್ತೆ ಕೂರಿಸಿ. ಕಲ್ಲನ್ನು ಹಳ್ಳದ ಪಾತ್ರದಿಂದ ಕೀಳಬೇಡಿ.

ಹಿಂದಕ್ಕೆ ಹೊರಳುವ ತಿರುವುಗಳನ್ನು ಆದಷ್ಟು ಕಡಿಮೆ ಮಾಡಿ, ಮಾಡಲೇಬೇಕಾದಲ್ಲಿ ಇಳಿಜಾರು ಮೆಲ್ಲಗಿರುವ ಜಾಗ ಆರಿಸಿ, ತಿರುವಿಗೆ ಮೊದಲೇ ಒಂದು ಅಲೆತಗ್ಗು ಕೊಟ್ಟು ನೀರನ್ನು ಹೊರಹಾಕಿ.

ಈಗಾಗಲೇ ಕೊರಕಲಾಗಿರುವ ಹಳೆಯ ದಾರಿಗೆ ಎರಡು ಮದ್ದುಗಳಿವೆ. ಏರು ಕಡಿಮೆಯಿದ್ದು ನೀರು ನಿಲ್ಲುವ ಕಡೆ, ಹೊರ ಅಂಚಿನಲ್ಲಿ ಸುಮಾರು ಹತ್ತು ಅಡಿ ಅಗಲದ ಅರ್ಧಚಂದ್ರಾಕಾರದ ಭಾಗವನ್ನು ಕೆರೆದು, ಅದರ ನಡುವಿನಲ್ಲಿ ಹೊರವಾಲು ಶೇ 15 ಬರುವಂತೆ ಮಾಡಿ. ಏರು ಇರುವ ಕಡೆ ಅಷ್ಟು ಸಾಲದು; ಅಲ್ಲಿ ಅರ್ಧಚಂದ್ರದ ಹಾಗೆಯೇ ಕೆರೆದು, ತೆಗೆದ ಮಣ್ಣನ್ನು ಅದರ ಕೆಳಗಿನ ಬದಿಯಲ್ಲಿ ಮೂರು ನಾಲ್ಕು ಮೀಟರ್ ಉದ್ದದ ಮೆಲ್ಲನೆಯ ದಿಬ್ಬವಾಗಿ ಬಡಿದು ಅಲೆತಗ್ಗು ಮಾಡಿ. ನೀರು ಹೊರಬೀಳುವ ಬಾಯಿ ಅಗಲವಾಗಿರಲಿ, ಅದರ ಮುಂದೆ ಕಸಕಡ್ಡಿ ಇರಬಾರದು. ಕಾಲುದಾರಿಗೆ ಅಡ್ಡಲಾಗಿ ಮರದ ದಿಮ್ಮಿ ಹೂಳುವ ರೂಢಿಯನ್ನು ಸೈಕಲ್ ಹಾದಿಗೆ ತರಬೇಡಿ: ಒದ್ದೆ ದಿಮ್ಮಿಯ ಮೇಲೆ ಟೈರು ಜಾರುತ್ತದೆ, ಅದರ ಹಿಂದೆ ಮಣ್ಣು ತುಂಬಿಕೊಂಡ ಮೇಲೆ ನೀರು ಅದನ್ನು ಹತ್ತಿಯೇ ಇಳಿಯುತ್ತದೆ.

ಮೈಮೇಲಿನ ಎಚ್ಚರ

ಕೆಲಸದ ಹಿಂದಿನ ದಿನ ಆನೆಗಳ ಓಡಾಟವನ್ನು ವಿಚಾರಿಸದೆ ಹೊರಡಬಾರದು. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಗಳಲ್ಲಿ ತೋಟದವರಿಗೆ ಈ ಸುದ್ದಿ ಬೆಳಿಗ್ಗೆಯೇ ತಿಳಿದಿರುತ್ತದೆ. ಆನೆ ಹತ್ತಿರದಲ್ಲಿದೆ ಎಂದರೆ ಆ ದಿನದ ಕೆಲಸ ರದ್ದು. ಬೆಳಕು ಹರಿದ ಮೇಲೆ ಆರಂಭಿಸಿ, ಸಂಜೆ ನಾಲ್ಕರೊಳಗೆ ಮುಗಿಸಿ.

ಡಿಸೆಂಬರ್‌ನಿಂದ ಮೇವರೆಗೆ ಉಣುಗುಗಳ (ರಕ್ತ ಹೀರುವ ಉಣ್ಣೆಗಳ) ಕಾಟ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಗುರುತಾದ ಮಂಗನ ಕಾಯಿಲೆ ಹರಡುವುದು ಇವುಗಳಿಂದ, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಅದು ಕಾಣಿಸಿಕೊಂಡಿದೆ. ಪೂರ್ತಿ ತೋಳಿನ ಅಂಗಿ ತೊಟ್ಟು, ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೀಪಾ ತೈಲವನ್ನು ಹಚ್ಚಿಕೊಳ್ಳಿ. ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ತೊಳೆಯಿರಿ. ಸತ್ತ ಮಂಗ ಕಂಡರೆ ಮುಟ್ಟದೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೆಲಸ ಮಾಡಿ ಬಂದ ಒಂದೆರಡು ವಾರದೊಳಗೆ ಜ್ವರ ಬಂದರೆ, ಕಾಡಂಚಿನಲ್ಲಿ ಓಡಾಡಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ದರಗಿನೊಳಗೆ ಕೈ ಹಾಕುವ ಮೊದಲು ಕೋಲಿನಿಂದ ಕೆದಕಿ ನೋಡಿ. ಹಾವು ಕಡಿತದ ಔಷಧ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. 108ಕ್ಕೆ ಕರೆ ಮಾಡಲು ಸಿಗ್ನಲ್ ಸಿಗುವ ಹತ್ತಿರದ ದಿಬ್ಬ ಯಾವುದು, ಆಂಬುಲೆನ್ಸ್ ಯಾವ ಗೇಟಿನವರೆಗೆ ಬರಬಲ್ಲದು ಎಂಬುದು ತಂಡದ ಪ್ರತಿಯೊಬ್ಬರಿಗೂ ಗೊತ್ತಿರಲಿ.

ವರ್ಷದ ನಿರ್ವಹಣೆ

ಕಟ್ಟುವ ದಿನ ನಲವತ್ತು ಜನ ಬರುತ್ತಾರೆ, ಚರಂಡಿಯ ಎಲೆ ತೆಗೆಯುವ ದಿನ ನಾಲ್ಕು ಜನ ಬರುತ್ತಾರೆ. ಈ ನಾಲ್ಕು ಜನರಿಂದಲೇ ಹಾದಿ ಉಳಿಯುವುದು. ಹೊಸದಾಗಿ ಸೇರುವವರಿಗೆ ನನ್ನ ಒತ್ತಾಯ ಇಷ್ಟೇ: ಮೊದಲ ವರ್ಷ ಹೊಸ ಹಾದಿಯ ಕನಸು ಬದಿಗಿಟ್ಟು, ಇರುವ ಹಾದಿಯ ಒಂದು ಕಿಲೋಮೀಟರಿನ ಹೊಣೆ ಹೊತ್ತುಕೊಳ್ಳಿ.

ಮಳೆ ನಿಂತ ಮೇಲೆ, ತೆರೆಯುವ ಮುನ್ನ, ಪೂರ್ತಿ ಹಾದಿ ನಡೆದು ಬಿದ್ದ ಮರ, ಬಿದಿರು ಮೆಳೆ, ಜಾರಿದ ಧರೆಯ ಮಣ್ಣನ್ನು ತೆಗೆಯಿರಿ. ಓಡಾಟದಿಂದ ಹಾದಿಯ ನಡು ತಗ್ಗಾಗಿ ಹೊರ ಅಂಚಿನಲ್ಲಿ ಸಣ್ಣ ಏರಿ ಎದ್ದಿರುತ್ತದೆ, ನೀರನ್ನು ಹೊರಹೋಗದಂತೆ ತಡೆಯುವುದು ಅದೇ. ಗುದ್ದಲಿಯಿಂದ ಆ ಏರಿಯನ್ನು ಕೆರೆದು ಹೊರವಾಲನ್ನು ಮರಳಿ ತಂದು, ಬಾಟಲಿ ನೀರಿನ ಪರೀಕ್ಷೆಯನ್ನು ಮತ್ತೆ ಮಾಡಿ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಬೆಂಕಿಯ ಕಾಲ. ಬೀಡಿ, ಒಲೆ, ಕಿಡಿ ಹಾರಿಸುವ ಯಂತ್ರ ಯಾವುದೂ ಹಾದಿಯ ಹತ್ತಿರ ಬೇಡ. ಇದೇ ಹೊತ್ತಿನಲ್ಲಿ ರೊಬಸ್ಟಾ ತೋಟಗಳಲ್ಲಿ ಹೂವಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಪೈಪುಗಳು ಹಾದಿಗೆ ಅಡ್ಡ ಬರುತ್ತವೆ, ಅವುಗಳನ್ನು ಸರಿಸಬಾರದು. ಮೇ ತಿಂಗಳಲ್ಲಿ ಪ್ರತಿ ಅಲೆತಗ್ಗಿನ ಬಾಯಿಯನ್ನೂ ಬಿಡಿಸಿ. ಸಿಲ್ವರ್ ಓಕಿನ ಒಂದು ಬುಟ್ಟಿ ಎಲೆ ಸಾಕು ಅದನ್ನು ಕಟ್ಟಿಹಾಕಲು.

ಮುಂಗಾರು ಹಿಡಿದ ದಿನದಿಂದ ಹಾದಿಯನ್ನು ಮುಚ್ಚಬೇಕು. ಎರಡೂ ತುದಿಗೆ ಅಡ್ಡಲಾಗಿ ಬಿದಿರು ಗಳುವನ್ನು ಕಟ್ಟಿ, ಮುಚ್ಚಿರುವ ಕಾರಣವನ್ನೂ ತೆರೆಯುವ ತಿಂಗಳನ್ನೂ ಕನ್ನಡದಲ್ಲಿ ಬರೆದು ಹಾಕಿ. ನಡುವೆ ಮಳೆ ಬಿಟ್ಟು ಬಿಸಿಲು ಬಂದರೂ, ಟೈರು ಬೆರಳಿನ ಒಂದು ಗೆಣ್ಣಿನಷ್ಟು ಹೂತರೆ ನೆಲ ಇನ್ನೂ ಸವಾರಿಗೆ ಸಿದ್ಧವಾಗಿಲ್ಲ. ಮುಚ್ಚಿದ ತಿಂಗಳುಗಳಲ್ಲಿ ನಿಮ್ಮ ಪಾಲಿನ ಕಿಲೋಮೀಟರನ್ನು ಜುಲೈನಲ್ಲಿ ಒಮ್ಮೆ, ಆಗಸ್ಟ್‌ನಲ್ಲಿ ಒಮ್ಮೆ ನಡೆದು ನೋಡಿ. ಯಾವ ಅಲೆತಗ್ಗು ನೀರು ಹೊರಹಾಕಿತು, ಯಾವುದು ಸೋತಿತು, ಎಲ್ಲಿ ನೀರು ಕೆಂಪಾಗಿತ್ತು ಎಂಬುದನ್ನು ಗೂಟದ ಸಂಖ್ಯೆಯೊಡನೆ ನೋಟ್‌ಬುಕ್ಕಿನಲ್ಲಿ ಬರೆದು, ಪ್ರತಿಯೊಂದಕ್ಕೂ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಸೆಪ್ಟೆಂಬರ್ ಕೊನೆಯಲ್ಲಿ ತಂಡ ಸೇರಿದಾಗ ಆ ಪಟ್ಟಿಯನ್ನು ಮುಂದಿಟ್ಟು, ಸೋತ ತಗ್ಗುಗಳಿಂದಲೇ ಕೆಲಸ ಆರಂಭಿಸಿ.